ಗಟರಿನ ಹಿಂದಿನ ನೀರು

ಚನ್ನವೀರೇಶನಿಗೆ ಒಂದು ಕಡೆ ಕೂತು ಊಟ ಮಾಡಿ ಅಭ್ಯಾಸವಿರಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಬಾಗಿಲ ತನಕ ಹೋಗಿ ಬೀದಿ ನೋಡಿ ಬರುವವರ ಪೈಕಿ. ಮದುವೆಯಾದ ಹೊಸತರಲ್ಲಿ ಹೆಂಡತಿ ರಾಗಿಣಿ ಇದನ್ನು ನೋಡಿ ಗಾಬರಿಯಾಗಿದ್ದಳು. ಯಾರಾದರೂ ಬರುವವರಿದ್ದಾರಾ ಎಂದು ಕೇಳಿದ್ದಳು. ಹದಿನಾರು ವರ್ಷ ಕಳೆದ ಮೇಲೆ ಈಗ ಅವಳೇ ಅನ್ನ ಬಡಿಸಿ, ಸಾರಿನ ಪಾತ್ರೆಯನ್ನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಇಟ್ಟುಬಿಡುತ್ತಿದ್ದಳು.

ಅವನ ಅಪ್ಪ ರಾಜಾಜಿನಗರದಲ್ಲಿ ಎಣ್ಣೆ ಡಬ್ಬ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ತಗಡು ಕತ್ತರಿಸುತ್ತಿದ್ದವರು. ತಗಡನ್ನು ಎಲ್ಲಿ ಮಡಚಿದರೆ ಬಗ್ಗುತ್ತದೆ, ಎಲ್ಲಿ ಮಡಚಿದರೆ ಸೀಳುತ್ತದೆ ಅನ್ನುವುದು ಮಗನಿಗೆ ಅವರಿಂದಲೇ ಬಂತು. ಕಾರ್ಖಾನೆ ಮುಚ್ಚಿತು, ಡಬ್ಬಗಳ ಕಾಲವೂ ಹೋಯಿತು. ಆದರೆ ಸುಂಕದಕಟ್ಟೆಯಿಂದ ವಿಜಯನಗರದವರೆಗೆ ಇದ್ದಬದ್ದ ಮನೆಗಳ ತಾರಸಿಗಳೆಲ್ಲ ಸೋರತೊಡಗಿದ್ದವು. ಸೋರುವ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುವುದು, ಶೀಟಿನ ಅಂಚಿನಿಂದ ಬೀಳುವ ಮಳೆನೀರು ಹಿಡಿಯಲು ಉದ್ದಕ್ಕೂ ತಗಡಿನ ದೋಣಿ ಕಟ್ಟುವುದು ಅವನ ಕಸುಬಾಯಿತು. ಆ ದೋಣಿಗೆ ಎಲ್ಲರೂ ಗಟರು ಅನ್ನುತ್ತಾರೆ. ಜೊತೆಗೆ ಸಂಪತ್ ಎನ್ನುವ ಗೆಳೆಯ. ಒಂದೇ ಸ್ಕೂಲಿನಲ್ಲಿ ಓದಿ, ಒಂದೇ ವರ್ಷ ಫೇಲಾದವರು. ಇಬ್ಬರೂ ಸೇರಿ ಎಷ್ಟು ಮನೆಗೆ ಶೀಟು ಹಾಕಿದ್ದರೋ ಲೆಕ್ಕವಿಲ್ಲ.

ಆ ಆಗಸ್ಟಿನ ಒಂದು ಗುರುವಾರ ಚನ್ನವೀರೇಶ ಬಸವೇಶ್ವರನಗರಕ್ಕೆ ಹೊಸ ಕೆಲಸವೊಂದರ ಅಳತೆ ತೆಗೆಯಲು ಹೋಗಿದ್ದ. ಮುಗಿಸಿಕೊಂಡು ಗಾಡಿ ಹತ್ತುವಾಗ ಮೂರನೇ ಮನೆಯ ಗೇಟಿನಿಂದ ಯಾರೋ ಕರೆದರು. ನೋಡಿದರೆ ಚಿಕ್ಕಲಕ್ಷ್ಮಮ್ಮ. ಎಂಟು ವರ್ಷದ ಹಿಂದೆ ಅವರ ತಾರಸಿಗೆ ಶೀಟು ಹೊದಿಸಿದ್ದು ಇವನೇ. ಅರವತ್ತೆಂಟರ ಹೆಂಗಸು. ಆ ಬಡಾವಣೆ ಹೊಲವಾಗಿದ್ದ ಕಾಲದಲ್ಲಿ ಅವರ ಮಾವ ಅಲ್ಲಿ ರಾಗಿ ಬೆಳೆದಿದ್ದರಂತೆ. ಉಳಿದ ಒಂದು ಸೈಟಿನಲ್ಲಿ ಎರಡಂತಸ್ತಿನ ಮನೆ. ಕೆಳಗೆ ಅವರು, ಮೇಲೆ ಬಾಡಿಗೆಯವರು.

ಒಳಗೆ ಕೂರಿಸಿ ಕಾಫಿ ಕೊಟ್ಟರು. ಗೇಟಿನ ಪಕ್ಕ ಸ್ಕೂಟರ್ ನಿಲ್ಲಿಸುವ ಜಾಗಕ್ಕೂ ಒಂದು ಶೀಟು ಹಾಕಿಕೊಡಬೇಕು ಎಂದರು. ಬೇರೆಯವರನ್ನು ಕರೆಸಲು ತಮಗೆ ಮನಸ್ಸಿಲ್ಲ ಎಂದರು.

"ನೀನು ಹಾಕಿದ ಶೀಟು ಕಣಪ್ಪ, ಎಂಟು ವರ್ಷ ಆಯ್ತು. ತಾರಸಿ ಮೇಲೆ ಒಂದು ಹನಿ ಬಿದ್ದಿಲ್ಲ."

ಚನ್ನವೀರೇಶನಿಗೆ ಖುಷಿಯಾಯಿತು. ಆ ಖುಷಿ ಕಾಫಿ ಲೋಟ ಖಾಲಿಯಾಗುವ ತನಕ ಇತ್ತು. ಆಮೇಲೆ ಚಿಕ್ಕಲಕ್ಷ್ಮಮ್ಮ ಮೇಲಿನ ಬಾಡಿಗೆಯವಳ ಸುದ್ದಿ ತೆಗೆದರು. ಗುರುದೇವಿ ಅಂತ, ಹಾವೇರಿ ಕಡೆಯವಳು. ಜೋಳದ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುತ್ತಾಳೆ. ಅಡುಗೆಮನೆಯಲ್ಲಿ ನೀರು ಸುರಿದೂ ಸುರಿದೂ ಹಿಂದಿನ ಗೋಡೆಯನ್ನೇ ಕೆಡಿಸಿಬಿಟ್ಟಿದ್ದಾಳೆ. ಸಿಂಕಿನ ಪೈಪು ಬದಲಾಯಿಸಿದ್ದಾಯಿತು. ಇಬ್ಬರು ಪ್ಲಂಬರುಗಳು ಬಂದು ನೆಲ ಅಗೆದು ಹೋಗಿದ್ದಾಯಿತು. ಏನೂ ಉಪಯೋಗವಾಗಲಿಲ್ಲ. ಕೇಳಿದರೆ ತಾನು ನೀರೇ ಚೆಲ್ಲುವುದಿಲ್ಲ ಎಂದು ವಾದ. ತಿಂಗಳ ಕೊನೆಗೆ ಖಾಲಿ ಮಾಡಲು ಹೇಳಿದ್ದಾಗಿದೆ. ಇಷ್ಟು ಹೇಳಿ, ನೀನೂ ಒಂದು ಸಲ ನೋಡಿ ಬಾ, ಅವಳ ಆಟ ನಿನಗೇ ಗೊತ್ತಾಗುತ್ತದೆ ಎಂದರು.

ಅವನು ಮೆಟ್ಟಿಲು ಹತ್ತಿದ. ಗುರುದೇವಿಗೆ ಐವತ್ತರ ಆಸುಪಾಸು. ಬಾಗಿಲು ತೆಗೆದು ಅಡುಗೆಮನೆಗೆ ದಾರಿ ಬಿಟ್ಟಳು. ಇಂಥ ಎಷ್ಟೋ ಜನ ಬಂದು ಇವಳದೇ ತಪ್ಪು ಎಂದು ಹೇಳಿ ಹೋಗಿದ್ದರು. ಒಳಗೆ ಹಿಟ್ಟಿನ ಡಬ್ಬಗಳು ಗೋಡೆ ಬಿಟ್ಟು ನಡುಮನೆಗೆ ಬಂದಿದ್ದವು. ಬಟ್ಟೆ ಹೊದಿಸಿದ ರೊಟ್ಟಿ ಬುಟ್ಟಿಗಳು ಮಲಗುವ ಮಂಚದ ಮೇಲೆ ಕೂತಿದ್ದವು. ಖಡಕ್ ರೊಟ್ಟಿಗೆ ಥಂಡಿ ಆಗುವುದಿಲ್ಲ, ಒಂದು ರಾತ್ರಿ ತೇವದಲ್ಲಿದ್ದರೆ ಬೆಳಗ್ಗೆ ಚರ್ಮದ ಹಾಗೆ ಮೆತ್ತಗಾಗುತ್ತದೆ.

ಚನ್ನವೀರೇಶ ಗೋಡೆಗೆ ಅಂಗೈ ಇಟ್ಟ. ಸಿಂಕಿನ ಕೆಳಗೆ ಹಸಿ, ಪಕ್ಕದಲ್ಲೂ ಹಸಿ. ಕೈ ಮೇಲಕ್ಕೆ ಜರುಗಿಸುತ್ತಾ ಹೋದ. ಸಿಂಕಿಗಿಂತ ಎಷ್ಟೋ ಮೇಲೂ ಹಸಿ. ಸ್ಟೂಲು ಹಾಕಿಕೊಂಡು ಅಟ್ಟದ ಮೇಲಿನ ದೊಡ್ಡ ಪಾತ್ರೆಗಳನ್ನು ಸರಿಸಿ ನೋಡಿದ. ಸೂರಿಗೆ ಗೋಡೆ ಕೂಡುವ ಮೂಲೆಯಲ್ಲಿ ಬಣ್ಣ ಉಬ್ಬಿ, ಒಡೆದು, ಒಳಗಿನ ಸಿಮೆಂಟು ಕಪ್ಪಗಾಗಿತ್ತು. ನೀರು ಮೇಲಿನಿಂದ ಇಳಿಯುತ್ತಿತ್ತು. ಆ ಗೋಡೆಯ ನೇರ ಮೇಲೆ ತಾರಸಿಯ ಹಿಂದಿನ ಮೋಟುಗೋಡೆ, ಅದರ ಮೇಲೆ ಅವನು ಕಟ್ಟಿದ ಗಟರು.

ಅವನಿಗೆ ಎಲ್ಲವೂ ಒಟ್ಟಿಗೇ ನೆನಪಾಯಿತು. ಎಂಟು ವರ್ಷದ ಹಿಂದೆ ಚಿಕ್ಕಲಕ್ಷ್ಮಮ್ಮನ ಮೊಮ್ಮಗಳ ನಾಮಕರಣ. ಅಡುಗೆಯವರು ತಾರಸಿಯ ಮೇಲೆ ಒಲೆ ಹೂಡುವವರಿದ್ದರು, ಮೋಡ ಕಟ್ಟಿತ್ತು, ಸಂಜೆಯೊಳಗೆ ಸೂರು ಆಗಲೇಬೇಕಿತ್ತು. ಬಂದ ಶೀಟುಗಳು ಒಂದು ಗೇಣು ಗಿಡ್ಡವಾಗಿದ್ದವು. ವಾಪಸ್ ಕಳಿಸಿದರೆ ನಾಲ್ಕು ದಿನ. ಅವನು ಗಟರನ್ನು ಹೊರುವ ಬ್ರಾಕೆಟ್ಟುಗಳನ್ನೇ ಬಗ್ಗಿಸಿ, ಗಟರನ್ನು ಒಳಕ್ಕೆ ಎಳೆದು, ಶೀಟಿನ ಅಂಚು ಹೇಗೋ ಅದರ ಮನೆಯ ಕಡೆಯ ಒಳತುಟಿಯ ಮೇಲೆ ಕೂರುವ ಹಾಗೆ ಮಾಡಿದ್ದ. ಸಂದಿಗೆ ಸಿಲಿಕಾನ್ ಅಂಟು ಮೆತ್ತಿದ್ದ. ಮುಂದಿನ ವಾರ ಬಂದು ಸರಿ ಮಾಡಿದರಾಯಿತು ಅಂದುಕೊಂಡಿದ್ದ. ಮುಂದಿನ ವಾರ ಇನ್ನೊಂದು ಕೆಲಸ ಇತ್ತು.

"ಏನ್ ಅನಸ್ತದ್ರೀ ನಿಮಗ?" ಎಂದು ಗುರುದೇವಿ ಕೇಳಿದಳು.

ನೋಡಿ ಹೇಳುತ್ತೇನೆ ಎಂದು ಸ್ಟೂಲಿನಿಂದ ಇಳಿದ. ಕೆಳಗೆ ಚಿಕ್ಕಲಕ್ಷ್ಮಮ್ಮನಿಗೂ ಅದನ್ನೇ ಹೇಳಿದ. ಸ್ಕೂಟರಿನ ಜಾಗದ ಅಳತೆ ತೆಗೆಯುವುದನ್ನೂ ಮರೆತು ಗಾಡಿ ಓಡಿಸಿಕೊಂಡು ಹೊರಟುಬಿಟ್ಟ.

ಶುಕ್ರವಾರ ರಾಜರಾಜೇಶ್ವರಿನಗರದಲ್ಲಿ ಕೆಲಸ. ಮೂರೂವರೆಗೆ ಮಳೆ ಶುರುವಾಯಿತು. ಸಂಪತ್ ಡ್ರಿಲ್ ಮಷೀನಿಗೆ ಪ್ಲಾಸ್ಟಿಕ್ ಸುತ್ತಿ ಮೆಟ್ಟಿಲ ಕೆಳಗೆ ಓಡಿದ. ಚನ್ನವೀರೇಶ ಅರ್ಧ ಹೊದಿಸಿದ ಶೀಟಿನ ಅಂಚಿನಲ್ಲೇ ನಿಂತು ನೀರು ಬೀಳುವುದನ್ನು ನೋಡುತ್ತಿದ್ದ. ಎಲ್ಲ ನೀರೂ ಅಂಚಿನಿಂದ ನೆಟ್ಟಗೆ ಬೀಳುವುದಿಲ್ಲ. ಒಂದಿಷ್ಟು ಅಂಚಿಗೆ ಅಂಟಿಕೊಂಡು, ಶೀಟಿನ ಹೊಟ್ಟೆಯ ಕಡೆ ತಿರುಗಿ, ಹಿಂದಕ್ಕೆ ಒಂದು ಬೆರಳಷ್ಟು ದೂರ ತೆವಳಿ ಆಮೇಲೆ ಬೀಳುತ್ತದೆ. ಇದು ಅವನಿಗೆ ಹೊಸದಲ್ಲ. ಅದಕ್ಕೇ ಶೀಟನ್ನು ಗಟರಿನ ನಡುವಿನ ತನಕ ಚಾಚಬೇಕು ಅನ್ನುವುದು. ಇಲ್ಲದಿದ್ದರೆ ಆ ತೆವಳುವ ನೀರು ಗಟರಿನ ಹಿಂದೆ ಬಿದ್ದು ಗೋಡೆ ಹಿಡಿಯುತ್ತದೆ.

"ಯಾಕ್ ಮಗಾ, ಮಳೇಲಿ ನಿಂತಿದೀಯ?" ಎಂದು ಸಂಪತ್ ಕೂಗಿದ.

ಚಿಕ್ಕಲಕ್ಷ್ಮಮ್ಮನ ನಂಬರನ್ನು ಎರಡು ಸಲ ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದ. ಮೋಟುಗೋಡೆ ಬಿರುಕು ಬಿಟ್ಟಿದ್ದರೆ ತಾನೇನು ಮಾಡಲಿ ಎಂದು ಮನಸ್ಸಿನಲ್ಲೇ ವಾದ ಹೂಡಿದ. ಎಂಟು ವರ್ಷಕ್ಕೆ ಯಾವ ಕೆಲಸ ತಾನೇ ಇದ್ದ ಹಾಗೇ ಇರುತ್ತದೆ ಎಂದುಕೊಂಡ. ಶನಿವಾರ ಬಸವೇಶ್ವರನಗರದ ಕಡೆ ಕೆಲಸವಿಲ್ಲದಿದ್ದರೂ ಆ ರಸ್ತೆಯಲ್ಲಿ ಎರಡು ಸಲ ಹೋಗಿ ಬಂದ. ಗೇಟಿನ ಮುಂದೆ ಗಾಡಿ ನಿಧಾನ ಮಾಡಿದ, ನಿಲ್ಲಿಸಲಿಲ್ಲ.

ಭಾನುವಾರ ಮನೆಯಲ್ಲಿದ್ದ. ಸಂಜೆ ಹನಿ ಬೀಳಲು ಶುರುವಾದದ್ದೇ ಎದ್ದು ಅಡುಗೆಮನೆಯ ಗೋಡೆ ಮುಟ್ಟಿ ನೋಡಿದ. ಬಚ್ಚಲಿನ ಗೋಡೆ ಮುಟ್ಟಿದ. ಮತ್ತೆ ಬಂದು ಕೂತ, ಮತ್ತೆ ಎದ್ದ. ರಾಗಿಣಿ ವಿಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು. ಕಾಯಿಲೆ ಹೇಳಿಕೊಳ್ಳಲು ಹಿಂಜರಿಯುವವರನ್ನು ದಿನಾ ನೋಡಿ ಅವಳಿಗೆ ಅಭ್ಯಾಸ. ಅವನು ನಾಲ್ಕನೆಯ ಸಲ ಎದ್ದಾಗ ಟಿ.ವಿ. ಆರಿಸಿ, ಏನಾಗಿದೆ ಎಂದು ಕೇಳಿದಳು. ಅವನು ಎಲ್ಲ ಹೇಳಿದ. ಅವಳು ಬೈಯಬಹುದು ಅಥವಾ ಸಮಾಧಾನ ಮಾಡಬಹುದು ಅಂದುಕೊಂಡಿದ್ದ. ಅವಳು ಎರಡನ್ನೂ ಮಾಡಲಿಲ್ಲ.

"ಆಯಮ್ಮ ಮನೆ ಖಾಲಿ ಮಾಡೋಕೆ ಇನ್ನೆಷ್ಟು ದಿನ ಇದೆ?"

"ಹತ್ತು."

"ಮತ್ತೆ ನಮ್ಮನೆ ಗೋಡೆ ಮುಟ್ಟಿ ನೋಡಿದ್ರೆ ಏನ್ ಬಂತು? ಬೆಳಿಗ್ಗೆ ಎದ್ದು ಅಲ್ಲಿಗೆ ಹೋಗಿ."

ಸೋಮವಾರ ಎಂಟಕ್ಕೇ ಹೋದ. ಚಿಕ್ಕಲಕ್ಷ್ಮಮ್ಮ ಹೊಸಿಲಿಗೆ ಅರಿಶಿನ ಹಚ್ಚುತ್ತಿದ್ದರು. ಕೂತುಕೋ ಎಂದರು. ಅವನು ನಿಂತೇ ಹೇಳಿದ. ಗಿಡ್ಡವಾದ ಶೀಟು, ಬಗ್ಗಿಸಿದ ಬ್ರಾಕೆಟ್ಟು, ಬರುತ್ತೇನೆಂದು ಬಾರದೆ ಹೋದದ್ದು, ಯಾವುದನ್ನೂ ಬಿಡಲಿಲ್ಲ. ಅವರು ಬೆರಳಿನ ಅರಿಶಿನವನ್ನು ಸೆರಗಿಗೆ ಒರೆಸಿಕೊಂಡರು.

"ಅಂದ್ರೆ ಗೋಡೆ ಕೆಡಿಸಿದ್ದು ನೀನು."

"ಹೌದಮ್ಮ."

"ಬೈಸಿಕೊಂಡೋಳು ಅವಳು. ಮೂರು ವರ್ಷದಿಂದ ಬೈದಿದೀನಿ ಕಣೋ ನಾನು. ಸಂಬಂಧಿಕರ ಮುಂದೆ ಬೈದಿದೀನಿ."

ಅವನು ಇವತ್ತೇ ಕೆಲಸ ಶುರು ಮಾಡುತ್ತೇನೆ ಎಂದ. ಅವರು ತಾರಸಿಯ ಬೀಗದ ಕೈ ತಂದು ಮೆಟ್ಟಿಲ ಮೇಲೆ ಇಟ್ಟು ಒಳಗೆ ಹೋದರು.

ಹಿಂದಿನ ಮನೆಗೂ ಈ ಮನೆಗೂ ನಡುವೆ ಒಂದೂವರೆ ಅಡಿ ಸಂದಿ. ಏಣಿ ಇಡಲು ಜಾಗವಿಲ್ಲ. ಎಂಟು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದದ್ದು ಅದಕ್ಕೇ. ಚನ್ನವೀರೇಶ ಮೋಟುಗೋಡೆಯ ಮೇಲೆ ಬೋರಲಾಗಿ ಮಲಗಿದ, ಸಂಪತ್ ಕಾಲು ಹಿಡಿದುಕೊಂಡ. ತಲೆ ಬಗ್ಗಿಸಿ ನೋಡಿದರೆ ಸಿಲಿಕಾನ್ ಒಣಗಿ ಸುರುಳಿ ಎದ್ದಿತ್ತು. ಶೀಟಿನ ಹೊಟ್ಟೆಯಲ್ಲಿ ನೀರು ತೆವಳಿದ ಜಾಗ ಉದ್ದಕ್ಕೂ ತುಕ್ಕು ಹಿಡಿದಿತ್ತು. ಅದರ ಕೆಳಗೆ ಮೋಟುಗೋಡೆಯ ತಲೆಯ ಮೇಲೆ ಹಸಿರು ಪಾಚಿ, ಪಾಚಿಯ ನಡುವೆ ಕಡ್ಡಿ ತೂರುವಷ್ಟು ಬಿರುಕು.

ಬಿರುಕಿಗೆ ಸಿಮೆಂಟು ತುಂಬಿದರು. ಒಂದು ಗೇಣಗಲದ ತಗಡಿನ ಪಟ್ಟಿ ಬಗ್ಗಿಸಿ ತಂದರು. ಅದರ ಮೇಲಂಚನ್ನು ಶೀಟಿನ ಕೆಳಗೆ ತೂರಿಸಿ ರಿವೆಟ್ ಹೊಡೆದರು. ಕೆಳಗಿನ ಅಂಚು ಗಟರಿನ ಒಳತುಟಿ ದಾಟಿ ದೋಣಿಯೊಳಕ್ಕೆ ಇಳಿಯುವ ಹಾಗೆ ಬಿಟ್ಟರು. ಇನ್ನು ನೀರು ಎಷ್ಟೇ ಹಿಂದಕ್ಕೆ ತೆವಳಿದರೂ ಪಟ್ಟಿ ಹಿಡಿದು ಗಟರಿಗೇ ಬೀಳಬೇಕು. ಮಂಗಳವಾರ ಮಧ್ಯಾಹ್ನ ಮುಗಿಯಿತು. ಸಂಪತ್ ಪೈಪಿನಲ್ಲಿ ಅರ್ಧ ಗಂಟೆ ಶೀಟಿನ ಮೇಲೆ ನೀರು ಬಿಟ್ಟ. ಹಿಂದೆ ಒಂದು ಹನಿಯೂ ಬೀಳಲಿಲ್ಲ.

ಚನ್ನವೀರೇಶ ಇಳಿದು ಬಂದು ಗುರುದೇವಿಗೆ ಎಲ್ಲ ಹೇಳಿದ. ತಪ್ಪು ತನ್ನದು ಅನ್ನುವುದನ್ನೂ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಮಳಿ ಬರ್ಲಿ. ಆಮ್ಯಾಲೆ ನೋಡೋಣು," ಎಂದಳು.

ಬುಧವಾರ ಅವನು ಕೆಂಗೇರಿಯಲ್ಲಿದ್ದ. ನಾಲ್ಕಕ್ಕೆ ಪಶ್ಚಿಮದ ಕಡೆ ಆಕಾಶ ಕಪ್ಪಾದದ್ದು ನೋಡಿ ಸಂಪತ್‌ಗೆ ಬರ್ತೀನಿ ಅಂದವನೇ ಗಾಡಿ ಹತ್ತಿದ. ನಾಯಂಡಹಳ್ಳಿ ದಾಟುವುದರೊಳಗೆ ಮಳೆ ಹಿಡಿಯಿತು. ಮೆಟ್ರೋ ಕಂಬಗಳ ಕೆಳಗೆ ಗಾಡಿಯವರೆಲ್ಲ ಗುಂಪುಗಟ್ಟಿ ನಿಂತಿದ್ದರು. ಅವನು ನಿಲ್ಲಲಿಲ್ಲ. ಚಿಕ್ಕಲಕ್ಷ್ಮಮ್ಮನ ತಾರಸಿ ಹತ್ತಿದಾಗ ಅಂಗಿಯಿಂದ ನೀರು ಇಳಿಯುತ್ತಿತ್ತು.

ಪಟ್ಟಿ ತನ್ನ ಕೆಲಸ ಮಾಡುತ್ತಿತ್ತು. ಮೊದಲ ಹತ್ತು ನಿಮಿಷ ಅವನು ಅದನ್ನೇ ನೋಡುತ್ತಾ ನಿಂತ. ಆಮೇಲೆ ಮಳೆ ಜೋರಾಯಿತು. ಗಟರು ನಿಧಾನವಾಗಿ ತುಂಬತೊಡಗಿತು. ಒಂದು ತುದಿಯ ಸಣ್ಣ ಪೈಪಿನಲ್ಲಿ ಅಷ್ಟು ನೀರು ಇಳಿಯುತ್ತಿರಲಿಲ್ಲ. ಪಕ್ಕದ ಹೊಂಗೆ ಮರದ ಎಲೆಗಳು ಬೇರೆ ಪೈಪಿನ ಬಾಯಿಗೆ ಅಡರಿದ್ದವು. ತುಂಬಿದ ಗಟರು ಮುಂದಕ್ಕೆ ಉಕ್ಕಿದ್ದರೆ ಸಂದಿಗೆ ಬಿದ್ದು ಹೋಗುತ್ತಿತ್ತು. ಆದರೆ ಎಂಟು ವರ್ಷದ ಹಿಂದೆ ಅವನು ಬಗ್ಗಿಸಿದ ಬ್ರಾಕೆಟ್ಟುಗಳಿಂದಾಗಿ ಇಡೀ ಗಟರು ಮನೆಯ ಕಡೆಗೇ ವಾಲಿತ್ತು. ನೀರು ಒಳತುಟಿಯ ಮೇಲೆ ಹಾಯ್ದು, ಹೊಸ ಪಟ್ಟಿಯ ಹಿಂಬದಿಯಲ್ಲಿ, ಸೀದಾ ಮೋಟುಗೋಡೆಯ ಮೇಲೆ ಇಳಿಯಿತು. ಎಲೆ ಬಾಚಿ ತೆಗೆದ, ನೀರಿನ ಮಟ್ಟ ಒಂದು ಬೆರಳು ಇಳಿದು ಮತ್ತೆ ಏರಿತು. ಮಳೆ ನಿಲ್ಲುವ ತನಕ ಬೇರೆ ಏನೂ ಮಾಡುವ ಹಾಗಿರಲಿಲ್ಲ. ಅವನು ತಾರಸಿಯ ಈ ತುದಿಯಿಂದ ಆ ತುದಿಗೆ ನಡೆದ, ಮತ್ತೆ ನಡೆದ.

ಯಾವಾಗಲೋ ಗುರುದೇವಿ ಮೇಲೆ ಬಂದು ನಿಂತಿದ್ದಳು. ಅವಳೂ ಗಟರನ್ನೇ ನೋಡುತ್ತಿದ್ದಳು.

"ಮಳಿ ಬಂದಾಗಷ್ಟ ಗ್ವಾಡಿ ಹಸಿ ಆಗ್ತದ ಅಂತ ಮೊದಲನೇ ವರ್ಷನ ಹೇಳಿದ್ದೆ ನಾ," ಎಂದಳು. "ಬ್ಯಾಸಗಿ ಒಳಗ ನಾ ರೊಟ್ಟಿ ಮಾಡೂದಿಲ್ಲೇನು? ನೀರು ಬಳಸೂದಿಲ್ಲೇನು? ಅವಾಗ ಯಾಕ ಹಸಿ ಆಗಂಗಿಲ್ಲ? ಇಷ್ಟು ಯಾರೂ ಕೇಳಲಿಲ್ಲ."

ಚನ್ನವೀರೇಶ ತಲೆ ಎತ್ತಲಿಲ್ಲ. ನಾಳೆ ಇಡೀ ಗಟರನ್ನೇ ಬಿಚ್ಚುತ್ತೇನೆ ಎಂದ.

ಬಿಚ್ಚಿದ. ಗುರುವಾರ ಬೆಳಿಗ್ಗೆ ಕೆಂಗೇರಿಯ ಕೆಲಸ ನಿಲ್ಲಿಸಿ ಸಂಪತ್‌ನನ್ನೂ ಕರೆತಂದ. ಸಂಪತ್‌ಗೆ ಸಿಟ್ಟು ಬಂದಿತ್ತು. ಒಂದು ಹಳೇ ಕೆಲಸಕ್ಕೆ ಎಷ್ಟು ದಿನ ಸುರಿಯುತ್ತೀಯ ಎಂದು ಗೊಣಗಿದ. ಗೊಣಗುತ್ತಲೇ ಕಾಲು ಹಿಡಿದುಕೊಂಡ. ಹಳೆ ಬ್ರಾಕೆಟ್ಟುಗಳನ್ನೆಲ್ಲ ಕಿತ್ತು ಹೊಸವನ್ನು ಕೂರಿಸಿದರು. ದಾರ ಕಟ್ಟಿ, ನಡುವಿನಿಂದ ಎರಡೂ ತುದಿಗಳಿಗೆ ಇಳಿಜಾರು ಕೊಟ್ಟು, ಮನೆಯ ಕಡೆಯ ತುಟಿ ಹೊರಗಿನದಕ್ಕಿಂತ ಒಂದು ಇಂಚು ಮೇಲಿರುವಂತೆ ಹೊಸ ಗಟರು ಕಟ್ಟಿದರು. ಎರಡು ತುದಿಗೂ ದಪ್ಪ ಪೈಪು ಇಳಿಸಿದರು. ಪೈಪಿನ ಬಾಯಿಗೆ ಎಲೆ ತಡೆಯಲು ಜಾಲರಿ ಹಾಕಿದರು. ಪಟ್ಟಿಯನ್ನು ಮತ್ತೆ ಜೋಡಿಸುವ ಹೊತ್ತಿಗೆ ಶುಕ್ರವಾರ ಸಂಜೆಯಾಗಿತ್ತು.

ಆಮೇಲೆ ಎರಡು ದಿನ ಮಳೆ ಬರಲಿಲ್ಲ. ಬೇಕಾದಾಗ ಬಾರದ ಮಳೆಯನ್ನು ಶಪಿಸುತ್ತಾ ಅವನು ಫೋನಿನಲ್ಲಿ ಗಂಟೆಗೊಮ್ಮೆ ಹವಾಮಾನ ನೋಡಿದ. ಸೋಮವಾರ ಸಂಜೆ ಬಂತು, ಒಂದೂಕಾಲು ಗಂಟೆ ಬಿಡದೆ ಹೊಯ್ಯಿತು. ಅವನು ಮೋಟುಗೋಡೆಯ ಮೇಲೆ, ಗಟರಿನ ಹಿಂದೆ, ಒಣ ನ್ಯೂಸ್‌ಪೇಪರ್ ಹಾಸಿ ಮೇಲೆ ಕಲ್ಲಿಟ್ಟಿದ್ದ. ಮಳೆ ನಿಂತ ಮೇಲೆ ತೆಗೆದು ನೋಡಿದ. ಎರಚಲಿನ ನಾಲ್ಕು ಹನಿ ಬಿಟ್ಟರೆ ಪೇಪರು ಒಣಗಿಯೇ ಇತ್ತು.

ಅವತ್ತೇ ಚಿಕ್ಕಲಕ್ಷ್ಮಮ್ಮ ಮೆಟ್ಟಿಲು ಹತ್ತಿದರು. ಮಂಡಿ ನೋವಿನಿಂದ ಎರಡು ವರ್ಷದಿಂದ ಅವರು ಮೇಲಕ್ಕೆ ಬಂದಿರಲಿಲ್ಲ. ಒಂದೊಂದು ಮೆಟ್ಟಿಲಿಗೂ ನಿಂತು ಹತ್ತಿ ಗುರುದೇವಿಯ ಬಾಗಿಲಲ್ಲಿ ಉಸಿರು ಬಿಟ್ಟರು. ಚನ್ನವೀರೇಶ ತಾರಸಿಯಿಂದ ಇಳಿಯುತ್ತಿದ್ದವನು ಅಲ್ಲೇ ನಿಂತ. ಗೋಡೆ ಒಣಗುತ್ತದಂತೆ, ಒಣಗಿದ ಮೇಲೆ ಬಣ್ಣ ಹೊಡೆಸುತ್ತೇನೆ, ಖಾಲಿ ಮಾಡುವುದೇನೂ ಬೇಡ ಎಂದು ಚಿಕ್ಕಲಕ್ಷ್ಮಮ್ಮ ಹೇಳಿದರು. ತಮ್ಮಿಂದ ತಪ್ಪಾಯಿತು ಅನ್ನುವುದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಲಿಕ್ಕೇ ಬಂದಿದ್ದಾರೆಂದು ಮೂವರಿಗೂ ಗೊತ್ತಿತ್ತು.

ಗುರುದೇವಿ ಅವರಿಗೆ ಕುರ್ಚಿ ಹಾಕಿ, ಕುಡಿಯಲು ನೀರು ಕೊಟ್ಟಳು.

"ಕೆಂಗೇರಿಯಾಗ ಮನಿ ನೋಡೇನ್ರೀ ಅಮ್ಮಾ. ಮಾತು ಕೊಟ್ಟೇನಿ," ಎಂದಳು.

"ಮಾತು ವಾಪಸ್ ತಗೋಬಹುದಲ್ಲಮ್ಮ. ನಾನೇ ಬಂದು ಹೇಳ್ತಾ ಇದೀನಲ್ಲ."

"ಮೂರು ಮಳಿಗಾಲ ನಾ ಹೇಳಿದ್ದು ನೀವು ನಂಬಲಿಲ್ಲ. ಇವರು ಬಂದು ಒಂದ್ಸಲ ಹೇಳಿದ್ದಕ್ಕ ನಂಬಿದ್ರಿ." ದನಿ ಏರಿಸದೆ ಹೇಳಿದಳು. "ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ನಾ ಇಲ್ಲಿ ಇರಂಗಿಲ್ರೀ."

ಚಿಕ್ಕಲಕ್ಷ್ಮಮ್ಮ ನೀರು ಕುಡಿದು ಲೋಟ ನೆಲಕ್ಕಿಟ್ಟರು. ಎದ್ದು ನಿಲ್ಲಲು ಅವರಿಗೆ ಕೈ ಬೇಕಾಯಿತು. ಗುರುದೇವಿಯೇ ಕೈ ಕೊಟ್ಟು, ಮೆಟ್ಟಿಲ ಕೊನೆಯವರೆಗೂ ಹಿಡಿದುಕೊಂಡು ಇಳಿಸಿ ಬಂದಳು.

ಸೆಪ್ಟೆಂಬರ್ ಮೊದಲನೇ ತಾರೀಖು ಸಾಮಾನಿನ ಗಾಡಿ ಬಂತು. ಚನ್ನವೀರೇಶ ಕರೆಯದೆಯೇ ಹೋಗಿ ಹಿಟ್ಟಿನ ಡಬ್ಬಗಳನ್ನು ಇಳಿಸಿಕೊಟ್ಟ. ಗುರುದೇವಿ ಬೇಡ ಎನ್ನಲಿಲ್ಲ. ಹೊರಡುವಾಗ ರೊಟ್ಟಿ ಬುಟ್ಟಿಗಳನ್ನು ಮಾತ್ರ ಯಾರ ಕೈಗೂ ಕೊಡದೆ ತಾನೇ ಮಡಿಲಲ್ಲಿಟ್ಟುಕೊಂಡು ಗಾಡಿಯ ಮುಂದಿನ ಸೀಟಿನಲ್ಲಿ ಕೂತಳು. ಅಡುಗೆಮನೆಯ ಗೋಡೆ ಆ ಹೊತ್ತಿಗೆ ಮೇಲಿನ ಅರ್ಧ ಒಣಗಿತ್ತು.

ಆ ಕೆಲಸ ಮುಗಿಯಿತು ಎಂದು ಸಂಪತ್ ನಿಟ್ಟುಸಿರು ಬಿಟ್ಟ. ಚನ್ನವೀರೇಶನಿಗೆ ಮುಗಿದ ಹಾಗೆ ಅನ್ನಿಸಲಿಲ್ಲ. ಎಂಟು ವರ್ಷದ ಹಿಂದಿನ ಅದೇ ಮಳೆಗಾಲದಲ್ಲಿ ಹೀಗೇ ಅವಸರಕ್ಕೆ ಬ್ರಾಕೆಟ್ ಬಗ್ಗಿಸಿದ ಮನೆಗಳು ಇನ್ನೂ ಎರಡಿದ್ದವು. ಮುಂದಿನ ಭಾನುವಾರ ಒಂದಕ್ಕೆ ಹೋದ. ಅದು ಸುಂಕದಕಟ್ಟೆಯಲ್ಲೇ, ಅವನ ಮನೆಯಿಂದ ಐದು ನಿಮಿಷ. ಮನೆಯವರು ಇದ್ಯಾಕೆ ಈಗ ಬಂದೆ ಎಂದು ಅನುಮಾನದಿಂದಲೇ ತಾರಸಿಗೆ ಬಿಟ್ಟರು. ಅಲ್ಲಿ ಗಟರು ನೆಟ್ಟಗಿತ್ತು, ಗೋಡೆ ಒಣಗಿತ್ತು. ಯಾರೋ ನಡುವೆ ಬಂದು ಸರಿ ಮಾಡಿ ಹೋಗಿದ್ದರು. ಯಾರು ಎಂದು ಮನೆಯವರಿಗೆ ನೆನಪಿರಲಿಲ್ಲ.

ಇನ್ನೊಂದು ಮನೆ ರಾಜರಾಜೇಶ್ವರಿನಗರದಲ್ಲಿ. ರಸ್ತೆ ಗೊತ್ತಿತ್ತು, ಮನೆ ಮಾತ್ರ ಸಿಗಲಿಲ್ಲ. ಎರಡು ಸುತ್ತು ಹಾಕಿ ಕೊನೆಗೆ ಒಂದು ಬೇಕರಿಯಲ್ಲಿ ವಿಚಾರಿಸಿದ. ನೀಲಿ ತಗಡಿನ ಬೇಲಿ ಹಾಕಿದ್ದ ಜಾಗವನ್ನು ತೋರಿಸಿದರು. ಒಳಗೆ ಆಳವಾದ ಗುಂಡಿ, ಅಪಾರ್ಟ್‌ಮೆಂಟಿನ ಪಾಯಕ್ಕೆ ಕಂಬಿ ಕಟ್ಟುತ್ತಿದ್ದರು. ಗೇಟಿನಲ್ಲಿದ್ದ ವಾಚ್‌ಮನ್ ಯಾರು ಬೇಕು ಎಂದು ಕೇಳಿದ.

ಇಲ್ಲೊಂದು ಮನೆ ಇತ್ತಲ್ಲ, ಅದರ ತಾರಸಿಗೆ ಶೀಟು ಹಾಕಿದ್ದೆ, ನೋಡಿಕೊಂಡು ಹೋಗೋಣ ಅಂತ ಬಂದೆ ಎಂದು ಚನ್ನವೀರೇಶ ಹೇಳಿದ. ಆ ಮನೆ ಕೆಡವಿ ಒಂದು ವರ್ಷದ ಮೇಲಾಯಿತು, ಶೀಟೆಲ್ಲ ಗುಜರಿಗೆ ಹೋಯಿತು ಎಂದ ವಾಚ್‌ಮನ್.

"ಅವರ ಮನೆ ಗೋಡೆ ಸೋರ್ತಿತ್ತಾ, ನಿಮಗೇನಾದ್ರೂ ಗೊತ್ತಾ ಅಣ್ಣ?"

ತಾನು ಬಂದದ್ದೇ ಗುಂಡಿ ತೋಡಿದ ಮೇಲೆ ಎಂದು ವಾಚ್‌ಮನ್ ಹೇಳಿದ. ಅಲ್ಲಿದ್ದವರು ಈಗ ಎಲ್ಲಿದ್ದಾರೋ ಅವನಿಗೆ ಗೊತ್ತಿರಲಿಲ್ಲ. ಚನ್ನವೀರೇಶ ಬೇಲಿಯ ಸಂದಿಯಲ್ಲಿ ಇನ್ನೊಮ್ಮೆ ಒಳಗೆ ಇಣುಕಿ ನೋಡಿದ. ಗುಂಡಿಯ ತಳದಲ್ಲಿ ನೀರು ನಿಂತಿತ್ತು, ಪಂಪಿನಿಂದ ಹೊರಗೆ ಹಾಕುತ್ತಿದ್ದರು. ಅವನು ಗಾಡಿಯ ಹತ್ತಿರ ಬಂದು, ಕೀ ಹಾಕಿ, ಸ್ಟಾರ್ಟ್ ಮಾಡದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದ.